ಕಪ್ಪು ಪ್ಲಗ್ ಹೇಳಿದ ಸುಳ್ಳು

ನನ್ನ ಬಳಿ ಇರುವುದು 1970ರ ಎಂಜಿಬಿ, ಬ್ರಿಟನ್ನಿನ ಸ್ಪೋರ್ಟ್ಸ್ ಕಾರು. ಎರಡು ಸೀಟು, ಮಡಚುವ ಮೇಲ್ಛಾವಣಿ, 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದರ ಮಗ್ಗುಲಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಜೋಡಿ ಎಸ್‌ಯು ಕಾರ್ಬ್ಯುರೇಟರ್. ಈ ಜೋಡಿಯನ್ನು ಕಿತ್ತು ಒಂಟಿ ಕಾರ್ಬ್ಯುರೇಟರ್ ಹಾಕಿಸಿ ನೆಮ್ಮದಿಯಾಗಿರಿ ಎಂದು ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ನಾನು ಕೇಳಲಿಲ್ಲ. ನಾಲ್ಕು ತಿಂಗಳ ಭಾನುವಾರಗಳು ಬಾನೆಟ್ ಕೆಳಗೇ ಕಳೆದುಹೋದವು.

ಕಾರು ನಿಂತಾಗ ಎಂಜಿನ್ ಮುಗ್ಗರಿಸುತ್ತಿತ್ತು. ವಾಲ್ವ್ ಸಂದು, ಕಿಡಿ ಹೊತ್ತಿಸುವ ಪಾಯಿಂಟ್, ಕಿಡಿಯ ಟೈಮಿಂಗ್ ಎಲ್ಲವನ್ನೂ ಮೊದಲೇ ಸರಿಪಡಿಸಿದ್ದೆ. ಅವು ಸರಿಯಿಲ್ಲದೆ ಕಾರ್ಬ್ಯುರೇಟರ್ ಮುಟ್ಟುವುದು ದಂಡ. ಮುಂದಿನ ಕಾರ್ಬ್ಯುರೇಟರಿನ ಜೆಟ್ ನಟ್ಟನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕಿಳಿಸಿ ಪೆಟ್ರೋಲ್ ಹೆಚ್ಚಿಸಿದರೆ ಮುಗ್ಗರಿಕೆ ನಿಲ್ಲುತ್ತಿತ್ತು. ಖುಷಿಯಿಂದ ಒಂದು ಸುತ್ತು ಹೋಗಿ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ, ಆ ಕಾರ್ಬ್ಯುರೇಟರ್ ಉಣಿಸುವ ಮೊದಲೆರಡಕ್ಕೂ ಮಸಿ. ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ನಟ್ಟನ್ನು ಮೇಲೇರಿಸಿದರೆ ಮತ್ತೆ ಮುಗ್ಗರಿಕೆ. ಗಾಣದೆತ್ತಿನ ಹಾಗೆ ಇದೇ ಸುತ್ತು.

ಒಂದು ದಿನ ಬೇಸತ್ತು, ಗಾಳಿಯ ದಾರಿಯ ತಟ್ಟೆಯನ್ನು ತಿರುಗಿಸುವ ಥ್ರಾಟಲ್ ಸ್ಪಿಂಡಲ್ಲನ್ನು ಬೆರಳಿನಿಂದ ಅಲ್ಲಾಡಿಸಿದೆ. ಅದು ಮೇಲೆ ಕೆಳಗೆ ಕುಣಿಯಿತು. ಎಂಜಿನ್ ಓಡುತ್ತಿರುವಾಗಲೇ ಅದರ ತುದಿಗೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿದೆ, ಸದ್ದು ಬದಲಾಯಿತು. ಅಷ್ಟು ವರ್ಷ ತಿರುಗಿ ತಿರುಗಿ ಸವೆದ ತೂತಿನಿಂದ ಗಾಳಿ ಕದ್ದು ಒಳಹೋಗುತ್ತಿತ್ತು. ಥ್ರಾಟಲ್ ಬಹುತೇಕ ಮುಚ್ಚಿರುವಾಗ ಆ ಕಳ್ಳಗಾಳಿಯೇ ದೊಡ್ಡ ಪಾಲು, ಹಾಗಾಗಿ ಮಿಶ್ರಣ ತೆಳುವಾಗಿ ಮುಗ್ಗರಿಕೆ. ಥ್ರಾಟಲ್ ತೆರೆದು ಓಡಿಸುವಾಗ ಅದು ಲೆಕ್ಕಕ್ಕೇ ಇಲ್ಲ. ಆಗ ನಾನು ಹೆಚ್ಚಿಸಿದ್ದ ಪೆಟ್ರೋಲ್ ಮಸಿಯಾಗಿ ಪ್ಲಗ್ಗಿನ ಮೇಲೆ ಕೂರುತ್ತಿತ್ತು. ಪ್ಲಗ್ ಸುಳ್ಳು ಹೇಳಿತೆಂದು ಬೈದುಕೊಂಡಿದ್ದೆ. ಅದು ಹೇಳಿದ್ದು ರಸ್ತೆಯ ಮೇಲಿನ ಸತ್ಯವನ್ನು, ನಾನು ಕೇಳುತ್ತಿದ್ದದ್ದು ನಿಂತ ಕಾರಿನ ಪ್ರಶ್ನೆಯನ್ನು.

ತೂತನ್ನು ನೇರವಾಗಿ ಕೊರೆದು ಬುಷ್ ಎಂಬ ಲೋಹದ ಬಳೆ ಕೂರಿಸುವುದು ಕೈ ಡ್ರಿಲ್ಲಿನ ಕೆಲಸವಲ್ಲ. ಲೇತ್ ಇರುವವರಿಗೆ ಕೊಟ್ಟೆ. ಹೊಸ ಸ್ಪಿಂಡಲ್ ಹಾಕಿ ಥ್ರಾಟಲ್ ತಟ್ಟೆಯನ್ನು ಬಿಗಿದ ಮೇಲೆ ಅದರ ಸ್ಕ್ರೂಗಳ ಸೀಳಿದ ತುದಿಯನ್ನು ಅಗಲಿಸಲೇಬೇಕು. ಸ್ಕ್ರೂ ಸಡಿಲವಾದರೆ ನೇರ ಎಂಜಿನ್ನಿನ ಹೊಟ್ಟೆಗೆ.

ಇಷ್ಟು ಜಾಣತನ ತೋರಿದವನು ಎರಡೂ ಕಾರ್ಬ್ಯುರೇಟರುಗಳ ಒಳಗೆ ಗಾಳಿಯ ಸೆಳೆತಕ್ಕೆ ಏರಿಳಿಯುವ ಪಿಸ್ಟನ್‌ಗಳನ್ನು ಒಂದೇ ಬೋಗುಣಿಯಲ್ಲಿ ತೊಳೆದು ಅದಲುಬದಲು ಮಾಡಿದೆ. ಪ್ರತಿ ಪಿಸ್ಟನ್ನೂ ತನ್ನದೇ ಕವಚಕ್ಕೆ ಹೊಂದಿಸಿದ್ದು. ಎತ್ತಿ ಬಿಟ್ಟರೆ ಟಕ್ಕೆಂದು ಬೀಳಬೇಕಾದದ್ದು ನಡುವೆಯೇ ತಡೆದು ನಿಂತಿತು. ಬದಲಿಸಿ ಹಾಕಿದೆ: ಟಕ್. ಆ ಸದ್ದು ಕೇಳಿ ಆದ ಸಮಾಧಾನ ಅಷ್ಟಿಷ್ಟಲ್ಲ.

ಕೊನೆಗೆ ಹೊಂದಾಣಿಕೆ. ಎರಡು ಸ್ಪಿಂಡಲ್‌ಗಳ ನಡುವಿನ ಕೊಂಡಿಯನ್ನು ಸಡಿಲಿಸಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದೆ. ಎರಡರ ಬುಸುಗುಟ್ಟುವಿಕೆಯೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿದೆ. ಅಳೆಯುವ ಸಾಧನ ಕೊಂಡು ಆಮೇಲೆ ಪರೀಕ್ಷಿಸಿದರೂ ಕಿವಿಯೇ ಗೆದ್ದಿತು. ನಂತರ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ನೋಡುವುದು: ವೇಗ ಏರಿ ಹಾಗೆಯೇ ಉಳಿದರೆ ಪೆಟ್ರೋಲ್ ಹೆಚ್ಚು, ಎಂಜಿನ್ ಸಾಯತೊಡಗಿದರೆ ಕಡಿಮೆ, ಕ್ಷಣ ಏರಿ ಮೊದಲಿನಂತಾದರೆ ಸರಿ. ಪಿಸ್ಟನ್ ಥಟ್ಟನೆ ಏರದಂತೆ ತಡೆಯುವ ಡ್ಯಾಂಪರಿನಲ್ಲಿ ಎಣ್ಣೆ ಬತ್ತಿರುವುದನ್ನೂ ಆಗಲೇ ಗಮನಿಸಿದ್ದು. ಆಕ್ಸಿಲರೇಟರ್ ಒತ್ತಿದಾಗ ಕಾರು ಒಂದು ಕ್ಷಣ ತಡವರಿಸುತ್ತಿದ್ದುದಕ್ಕೆ ಅದೇ ಕಾರಣ.

ಮರುದಿನ ಬೆಳಿಗ್ಗೆ ಛಾವಣಿ ಮಡಚಿ ಹೊರಟೆ. ಮೂರನೆಯ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಎಲ್ಲಿಯೂ ಉಸಿರು ಹಿಡಿಯಲಿಲ್ಲ. ಮೇಲೆ ತಲುಪಿ ನಿಲ್ಲಿಸಿ, ಆಫ್ ಮಾಡದೆ, ಸುಮ್ಮನೆ ಕುಳಿತು ಕೇಳಿದೆ.