ಕೋಲಾರದಲ್ಲಿ ಟಿಸಿಇ ಉಸಿರಾಡುವ ಬ್ಯಾಕ್ಟೀರಿಯಾ ಬೆಳೆಸಿದ ನನ್ನ ಅನುಭವ

ಟಿಸಿಇ ಅನ್ನುವ ರಾಸಾಯನಿಕ ಬೆರೆತ ನೀರಿಗೆ ಬ್ಯಾಕ್ಟೀರಿಯಾ ಬಿಟ್ಟು, ಟಿಸಿಇ ಕಾಣದೇ ಹೋದ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ನಿಜ ಹೇಳಬೇಕೆಂದರೆ, ಅಪಾಯದ ಭಾಗ ಶುರುವಾಗುವುದೇ ಅಲ್ಲಿಂದ.

ನಾನು ಕೋಲಾರದಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುವ ಚಿಕ್ಕ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಬರುವುದೆಲ್ಲ ಫ್ಲೋರೈಡ್, ನೈಟ್ರೇಟ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಕೇಸುಗಳೇ. ಒಂದು ಸಲ ಹಳೇ ವರ್ಕ್‌ಶಾಪ್ ಶೆಡ್‌ನ ಬೋರ್ ನೀರು ಬಂತು. ಅಲ್ಲಿ ಹಿಂದೆ ಲೋಹದ ಬಿಡಿಭಾಗಗಳ ಗ್ರೀಸ್ ತೆಗೆಯಲು ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ಬಳಸುತ್ತಿದ್ದರಂತೆ. ಈ ದ್ರವ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೆಲಕ್ಕೆ ಚೆಲ್ಲಿದರೆ ಕೆಳಗಿಳಿದು ಬಂಡೆಯ ಬಿರುಕಿನಲ್ಲಿ ಕೂರುತ್ತದೆ. ಅಲ್ಲಿಂದ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ನೀರಿಗೆ ಕರಗುತ್ತಾ ಇರುತ್ತದೆ. ಪಂಪ್ ಹಾಕಿ ಖಾಲಿ ಮಾಡುತ್ತೇವೆ ಅನ್ನುವುದು ಆಗದ ಮಾತು.

ನಾವು ಆಮ್ಲಜನಕ ಉಸಿರಾಡುವ ಹಾಗೆ ಟಿಸಿಇಯನ್ನೇ ಉಸಿರಾಡುವ ಬ್ಯಾಕ್ಟೀರಿಯಾಗಳಿವೆ. ಅವುಗಳ ಊಟ ಹೈಡ್ರೋಜನ್. ಅದರಿಂದ ಸಿಕ್ಕ ಎಲೆಕ್ಟ್ರಾನ್‌ಗಳನ್ನು ಟಿಸಿಇಗೆ ದಾಟಿಸುತ್ತವೆ, ಆಗ ಒಂದೊಂದೇ ಕ್ಲೋರಿನ್ ಕಳಚಿ ಕ್ಲೋರೈಡ್ ಆಗಿ ನೀರಿಗೆ ಸೇರುತ್ತದೆ. ಟಿಸಿಇ ಮೊದಲು ಡಿಸಿಇ (ಡೈಕ್ಲೋರೋಎಥಿಲೀನ್) ಆಗುತ್ತದೆ, ಆಮೇಲೆ ವಿನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್. ಈ ಎಥಿಲೀನ್ ಬೇರೇನೂ ಅಲ್ಲ, ನಮ್ಮ ಶ್ರೀನಿವಾಸಪುರದ ಮಾವು ಹಣ್ಣಾಗುವಾಗ ತಾನೇ ಬಿಡುವ ಗ್ಯಾಸು.

ತೊಂದರೆ ಇರುವುದು ಎಥಿಲೀನ್‌ಗೆ ಮುಂಚಿನ ಹಂತದಲ್ಲಿ. ವಿನೈಲ್ ಕ್ಲೋರೈಡ್ ಕ್ಯಾನ್ಸರ್ ತರುವ ವಸ್ತು ಎಂದು ಖಚಿತವಾಗಿ ಗೊತ್ತಿದೆ. ಅಮೆರಿಕದಲ್ಲಿ ಕುಡಿಯುವ ನೀರಿನ ಮಿತಿ ಟಿಸಿಇಗೆ ಲೀಟರಿಗೆ 5 ಮೈಕ್ರೋಗ್ರಾಂ, ವಿನೈಲ್ ಕ್ಲೋರೈಡ್‌ಗೆ 2. ಅರ್ಧಕ್ಕೆ ನಿಂತರೆ ನೀರು ಮೊದಲಿಗಿಂತ ಕೆಟ್ಟಿತು ಅಂತಲೇ ಲೆಕ್ಕ. ಡಿಸಿಇವರೆಗೆ ತರುವ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ಎಥಿಲೀನ್‌ವರೆಗೂ ಒಯ್ಯುವವು ಕೆಲವೇ ಕೆಲವು. ಅವುಗಳಲ್ಲಿ ಹೆಸರಾದದ್ದು ಡಿಹ್ಯಾಲೋಕಾಕಾಯ್ಡಿಸ್. ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಬೇರ್ಪಡಿಸಿದ್ದನ್ನು 1997ರಲ್ಲಿ ಪ್ರಕಟಿಸಿದರು. ಮೂಲ ಸಿಕ್ಕಿದ್ದು ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರಿನಲ್ಲಿ.

ಅದಕ್ಕೇ ನಾನು ಎರಡು ಕಡೆಯ ಕೆಸರು ತಂದೆ. ಒಂದು ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಡೈಜೆಸ್ಟರ್‌ನದು (ಗಾಳಿಯಿಲ್ಲದೆ ಕೆಸರು ಕೊಳೆಸುವ ತೊಟ್ಟಿ). ಇನ್ನೊಂದು ಮಳೆ ನೀರಿನ ಕೆರೆಯದು. ಮೇಲಿನ ಕಂದು ಪದರ ಸರಿಸಿ, ಕೆಳಗಿನ ಕಪ್ಪು ಕೆಸರನ್ನೇ ತೆಗೆಯಬೇಕು. ಕೊಳೆತ ಮೊಟ್ಟೆ ವಾಸನೆ ಬಂದರೆ ಅಲ್ಲಿ ಗಾಳಿಯಾಡಿಲ್ಲ ಅಂತ ಅರ್ಥ. ಪಕ್ಕದಲ್ಲೇ ಟ್ರ್ಯಾಕ್ಟರ್‌ಗೆ ಗೋಡು ತುಂಬಿಸುತ್ತಿದ್ದ ರೈತರೊಬ್ಬರು ನನ್ನ ಡಬ್ಬಿ ನೋಡಿ, "ಏನಣ್ಣಾ, ಇಷ್ಟೇ ಇಷ್ಟು ಗೋಡು ತಗೊಂಡು ಯಾವ ಹೊಲಕ್ಕೆ ಹಾಕ್ತೀಯ?" ಎಂದು ನಕ್ಕರು.

ಲ್ಯಾಬ್‌ನಲ್ಲಿ ಕೆಲಸದ ಮುಕ್ಕಾಲು ಪಾಲು ಗಾಳಿಯನ್ನು ಹೊರಗಿಡುವುದೇ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ವಿಷ. ಗಾಜಿನ ಬಾಟಲಿಗೆ ಕೆಸರು, ಆ ಶೆಡ್‌ನ ನೀರು ಹಾಕಿ, ನೈಟ್ರೋಜನ್ ಗ್ಯಾಸ್ ಹಾಯಿಸಿ, ದಪ್ಪ ಬ್ಯೂಟೈಲ್ ರಬ್ಬರ್ ಮುಚ್ಚಳ ಹಾಕಿ, ಮೇಲೆ ಅಲ್ಯೂಮಿನಿಯಂ ಕ್ಯಾಪ್ ಬಿಗಿದೆ. ಒಳಗೆ ರೆಸಾಜುರಿನ್ ಅನ್ನುವ ಬಣ್ಣ ಒಂದಿಷ್ಟು. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರನ್ನು ನೋಡಬೇಕು. ಗುಲಾಬಿ ಇದ್ದರೆ ಆಮ್ಲಜನಕ ಇನ್ನೂ ಇದೆ. ಸೋಡಿಯಂ ಸಲ್ಫೈಡ್ ದ್ರಾವಣ ಹನಿ ಹನಿ ಬಿಟ್ಟ ಹಾಗೆ ಗುಲಾಬಿ ಮಾಸುತ್ತಾ ಬಂದು ಬಣ್ಣವೇ ಇಲ್ಲದಂತಾಗುತ್ತದೆ. ಅಲ್ಲಿಯವರೆಗೆ ಟಿಸಿಇ ಹಾಕಲು ಹೋಗಬೇಡಿ. ಬಾಟಲಿಗಳನ್ನು ತಲೆಕೆಳಗಾಗಿ ರಟ್ಟಿನ ಡಬ್ಬದಲ್ಲಿಟ್ಟೆ, ಮುಚ್ಚಳದ ಹತ್ತಿರ ಗ್ಯಾಸಿನ ಬದಲು ನೀರೇ ಇರಲಿ ಅಂತ. ಕೋಲಾರದ ಸೆಕೆಗೆ ಇನ್‌ಕ್ಯುಬೇಟರ್ ಬೇಕಾಗಲಿಲ್ಲ.

ಊಟಕ್ಕೆ ಸೋಡಿಯಂ ಲ್ಯಾಕ್ಟೇಟ್. ಕೆಸರಿನಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ನಿಧಾನವಾಗಿ ಹೈಡ್ರೋಜನ್ ಬಿಡುತ್ತವೆ. ಒಂದೇ ಸಲ ಜಾಸ್ತಿ ಹಾಕಿದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಅದನ್ನೆಲ್ಲ ಕಬಳಿಸುತ್ತವೆ. ಜೊತೆಗೆ ಬಿ12 ವಿಟಮಿನ್ ಕೊಡಬೇಕು. ಡಿಹ್ಯಾಲೋಕಾಕಾಯ್ಡಿಸ್‌ಗೆ ಅದಿಲ್ಲದೆ ಕ್ಲೋರಿನ್ ಕೀಳಲು ಆಗುವುದಿಲ್ಲ, ತಾನೇ ತಯಾರಿಸಿಕೊಳ್ಳಲೂ ಬಾರದು.

ನಮ್ಮ ಕಡೆಯ ನೀರಿನ ಲೆಕ್ಕ ಬೇರೆಯಾಗುವುದು ನೈಟ್ರೇಟ್‌ನಿಂದ. ಗೊಬ್ಬರ, ಕೊಟ್ಟಿಗೆ, ಪಿಟ್ ಗುಂಡಿ ಎಲ್ಲದರಿಂದಲೂ ಅದು ನೆಲದೊಳಗೆ ಇಳಿದಿದೆ. ಕುಡಿಯುವ ನೀರಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದನ್ನು ದಾಟಿದ ಬಾವಿಗಳು ನಮ್ಮ ಲ್ಯಾಬ್‌ಗೆ ಹೊಸದಲ್ಲ. ನೈಟ್ರೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳಿಗೆ ಅದರಿಂದ ಶಕ್ತಿ ಜಾಸ್ತಿ ಸಿಗುತ್ತದೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ನುಗ್ಗುವವರ ಹಾಗೆ ಅವು ಬಡಿಸಿದ್ದನ್ನೆಲ್ಲ ಖಾಲಿ ಮಾಡುತ್ತವೆ. ಆಮೇಲೆ ಕಬ್ಬಿಣ, ಸಲ್ಫೇಟ್ ಉಸಿರಾಡುವವು ಬರುತ್ತವೆ. 62 ಮಿಲಿಗ್ರಾಂ ನೈಟ್ರೇಟ್ ಕಳೆಯಲು ಖರ್ಚಾಗುವ ಹೈಡ್ರೋಜನ್‌ನಲ್ಲಿ 100 ಮಿಲಿಗ್ರಾಂಗೂ ಹೆಚ್ಚು ಟಿಸಿಇಯನ್ನು ಎಥಿಲೀನ್ ಮಾಡಬಹುದು. ನೀರಿನಲ್ಲಿ ಟಿಸಿಇ ಇರುವುದು ಅದರ ಒಂದು ಚೂರು ಮಾತ್ರ. ಹಾಗಾಗಿ ಲ್ಯಾಕ್ಟೇಟ್ ಎಷ್ಟು ಅಂತ ನಾನು ಲೆಕ್ಕ ಹಾಕಿದ್ದು ನೈಟ್ರೇಟ್ ರಿಪೋರ್ಟ್ ಮುಂದಿಟ್ಟುಕೊಂಡೇ.

ಕೆರೆ ಕೆಸರಿನ ಬಾಟಲಿಗಳಲ್ಲಿ ಟಿಸಿಇ ಬೇಗ ಇಳಿಯಿತು. ಜಿಸಿ (ಗ್ಯಾಸ್‌ಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಗ್ರಾಫ್‌ನಲ್ಲಿ ಅದರ ಗೆರೆ ಕುಗ್ಗಿದಷ್ಟೂ ಡಿಸಿಇ ಗೆರೆ ಎದ್ದಿತು. ಅಲ್ಲಿಗೆ ನಿಂತಿತು, ಎಷ್ಟು ಊಟ ಕೊಟ್ಟರೂ ಕದಲಲಿಲ್ಲ. ಡೈಜೆಸ್ಟರ್ ಕೆಸರು ಶುರುವಿನಲ್ಲಿ ಸುಮ್ನೆ ಕೂತಿತ್ತು. ತಿಂಗಳುಗಳ ಮೇಲೆ ಡಿಸಿಇ ಇಳಿಯಿತು, ವಿನೈಲ್ ಕ್ಲೋರೈಡ್ ಏರಿತು. ಆಮೇಲೆ ಅದೂ ಇಳಿದು, ಗ್ರಾಫ್‌ನಲ್ಲಿ ಎಲ್ಲಕ್ಕಿಂತ ಮೊದಲು ಬರುವ ಎಥಿಲೀನ್ ಗೆರೆ ನೆಟ್ಟಗೆ ನಿಂತಿತು. ಇಲ್ಲಿ ಗ್ರಾಂ ಲೆಕ್ಕ ಹಿಡಿಯಬೇಡಿ. 131 ಗ್ರಾಂ ಟಿಸಿಇಯಿಂದ ಬರುವುದು 28 ಗ್ರಾಂ ಎಥಿಲೀನ್ ಮಾತ್ರ, ಮೋಲ್ ಲೆಕ್ಕದಲ್ಲೇ, ಅಂದರೆ ಅಣುಗಳ ಎಣಿಕೆಯಲ್ಲೇ, ತಾಳೆ ನೋಡಬೇಕು. ಆಟೋಕ್ಲೇವ್ ಮಾಡಿ ಎಲ್ಲ ಜೀವಿಗಳನ್ನೂ ಕೊಂದ ಬಾಟಲಿಯೊಂದನ್ನು ಪಕ್ಕದಲ್ಲಿಡಲೇಬೇಕು. ಇಲ್ಲದಿದ್ದರೆ ರಬ್ಬರ್ ಹೀರಿಕೊಂಡ ಟಿಸಿಇಯನ್ನೂ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ಆ ಒಳ್ಳೇ ಬಾಟಲಿಯಿಂದ ಸಿರಿಂಜ್‌ನಲ್ಲಿ ಸ್ವಲ್ಪ ತೆಗೆದು, ಡಿಸಿಇಯಲ್ಲಿ ಸಿಕ್ಕಿಕೊಂಡಿದ್ದ ಕೆರೆ ಕೆಸರಿನ ಬಾಟಲಿಗೆ ಚುಚ್ಚಿದೆ. ಅದೂ ಎಥಿಲೀನ್‌ವರೆಗೆ ಹೋಯಿತು. ಅಂದರೆ ಊಟ ಸಾಲದೇ ನಿಂತಿದ್ದಲ್ಲ, ಉಣ್ಣುವವರೇ ಇರಲಿಲ್ಲ.

ಸುದ್ದಿ ಕೇಳಿದವರೆಲ್ಲ ಕೇಳುವುದು ಒಂದೇ: "ಸಾರ್, ಇದು ಫ್ಲೋರೈಡ್ ತೆಗೆಯುತ್ತಾ?" ಇಲ್ಲ. ನಮ್ಮ ಫ್ಲೋರೈಡ್ ಬಂಡೆಯಿಂದ ಕರಗಿ ಬಂದ ಬರೀ ಅಯಾನು, ಅದರಲ್ಲಿ ಬಿಡಿಸಲು ಇಂಗಾಲದ ಕೊಂಡಿಯೇ ಇಲ್ಲ.

ಶೆಡ್ ಮಾಲೀಕರಿಗೆ ಆತುರ. "ಬಾಟಲಿದು ತಂದು ಬೋರ್‌ಗೆ ಸುರಿದುಬಿಡೋಣ್ವಾ?" ಅಂದರು. ಬೇಡ ಅಂದೆ. ಅವರ ಬೋರ್ ದಿನವಿಡೀ ಓಡುತ್ತದೆ, ನೀರಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ. ಬಂಡೆಯ ಬಿರುಕು ಯಾವ ಕಡೆ ಹೋಗಿದೆಯೋ ಲ್ಯಾಕ್ಟೇಟ್ ಆ ಕಡೆಗೇ ಹೋಗುತ್ತದೆ. ಅರ್ಧ ಕೆಲಸವಾಗಿ ವಿನೈಲ್ ಕ್ಲೋರೈಡ್ ಪಕ್ಕದ ತೋಟದ ಬೋರ್‌ನಲ್ಲಿ ಎದ್ದರೆ ಯಾರು ಹೊಣೆ? ಮೊದಲು ಮೇಲ್ಪದರದ ಮೆತು ಬಂಡೆಯಲ್ಲಿ ನಾಲ್ಕು ಕಡೆ ಸಣ್ಣ ಬಾವಿ ಕೊರೆಸಿ, ನೀರು ಯಾವ ಕಡೆ ಹರಿಯುತ್ತಿದೆ, ನೈಟ್ರೇಟ್ ಎಷ್ಟಿದೆ ಅಂತ ನೋಡೋಣ ಎಂದಿದ್ದೇನೆ. ಅಲ್ಲಿಯವರೆಗೆ ಸುತ್ತಲಿನವರು ಆ ಬೋರ್‌ಗಳ ನೀರು ಕುಡಿಯದ ಹಾಗೆ ನೋಡಿಕೊಳ್ಳಿ ಅಂತಲೂ ಹೇಳಿದ್ದೇನೆ. ಬಾವಿ ಕೊರೆಸಲು ಒಪ್ಪಿದ್ದಾರೆ. ಖರ್ಚಿನ ಮಾತು ಇನ್ನೂ ನಡೆಯುತ್ತಿದೆ.