ಏಳು ಪಟ್ಟಿಗಳಲ್ಲಿ ಒಂದು ಫಾಂಟ್

ಡಿಜಿಟಲ್ ಗಡಿಯಾರದ ಅಂಕಿಗಳಂಥ ಫಾಂಟ್ ಮಾಡಲು ಕೂತವರು ಸಾಮಾನ್ಯವಾಗಿ ‘0’ ಬಿಡಿಸುವುದರಿಂದ ಶುರುಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ನೀವು ‘8’ರಿಂದ ಶುರುಮಾಡಿ. ಅಂಕಿ ಮೂಡಿಸುವ ಏಳು ಪಟ್ಟಿಗಳೂ ಅದರಲ್ಲಿ ಬೆಳಗಿರುತ್ತವೆ. ಅದೊಂದು ಹದಕ್ಕೆ ಬಂದರೆ, ಉಳಿದದ್ದು ಯಾವ ಪಟ್ಟಿ ನಂದಿಸಬೇಕೆಂಬ ಲೆಕ್ಕವಷ್ಟೇ.

ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ಅಕ್ಷರದ ಇಡೀ ಗಾತ್ರಕ್ಕೆ 1000 ಯುನಿಟ್‌ ಅಳತೆ ಇಟ್ಟುಕೊಂಡು 700 ಎತ್ತರ, 400 ಅಗಲದ ಗೂಡು ಹಾಕಿ. ಪಟ್ಟಿಯ ದಪ್ಪ 80 ಇರಲಿ. ಎಲೆಕ್ಟ್ರಾನಿಕ್ಸ್‌ನವರ ಹೆಸರುಗಳೇ ಅನುಕೂಲ: ಮೇಲಿನದು ಎ, ಅಲ್ಲಿಂದ ಪ್ರದಕ್ಷಿಣೆಯಾಗಿ ಬಿ, ಸಿ, ಡಿ, ಇ, ಎಫ್, ನಡುವಿನ ಅಡ್ಡಪಟ್ಟಿ ಜಿ. ಒಂದೊಂದನ್ನೂ ಪ್ರತ್ಯೇಕ ಗ್ಲಿಫ್ (ಫಾಂಟಿನ ಒಂದು ಬಿಡಿ ಚಿತ್ರ) ಆಗಿ ಉಳಿಸಿ, ಅಂಕಿಗಳಿಗೆ ರೆಫರೆನ್ಸ್ ಆಗಿ, ಅಂದರೆ ನಕಲು ಮಾಡದೆ ಮೂಲಕ್ಕೆ ಕೊಂಡಿಯಾಗಿ ಮಾತ್ರ ಸೇರಿಸಿ. ಆಮೇಲೆ ಒಂದು ಪಟ್ಟಿ ತಿದ್ದಿದರೆ ಇಡೀ ಫಾಂಟ್ ತಾನೇ ತಿದ್ದಿಕೊಳ್ಳುತ್ತದೆ.

ತುದಿಗಳನ್ನು 45 ಡಿಗ್ರಿಗೆ ಕತ್ತರಿಸಿ, ಆದರೆ ಪಟ್ಟಿಗಳು ಒಂದಕ್ಕೊಂದು ತಾಗಕೂಡದು. ಈ ಫಾಂಟಿನ ಜೀವ ಇರುವುದೇ ಆ ಸಂದಿಯಲ್ಲಿ. ಮೊದಲ ಸಲ ನಾನು 8 ಯುನಿಟ್ ಸಂದಿ ಬಿಟ್ಟಿದ್ದೆ. 48 ಪಿಕ್ಸೆಲ್ ಗಾತ್ರದಲ್ಲಿ ಅದು ಅರ್ಧ ಪಿಕ್ಸೆಲ್ಲಿಗೂ ಸಾಲದೆ ಕಲಸಿಹೋಗಿ, ಬರೀ ಚೌಕ ಅಂಕಿಗಳು ಉಳಿದವು. 20ಕ್ಕೆ ಏರಿಸಿದೆ, ಹೆಚ್ಚುಕಡಿಮೆ ಒಂದು ಪಿಕ್ಸೆಲ್ ಸಿಕ್ಕಿತು, ಪಟ್ಟಿಗಳು ಬಿಡಿಬಿಡಿಯಾಗಿ ಬೆಳಗಿದವು.

ಓರೆ 10 ಡಿಗ್ರಿ ಸಾಕು. ಏಳೂ ಪಟ್ಟಿಗಳನ್ನು ಗ್ಲಿಫ್‌ನ ಮೂಲಬಿಂದುವಿನಿಂದಲೇ ಓರೆ ಮಾಡಿ. ತಂತಮ್ಮ ಮಧ್ಯದಿಂದ ಮಾಡಿದರೆ ಜೋಡಣೆ ಕೆಡುತ್ತದೆ. ತಲೆ 123 ಯುನಿಟ್ ಬಲಕ್ಕೆ ವಾಲುತ್ತದೆ, ಆದ್ದರಿಂದ ಎಲ್ಲವನ್ನೂ 60ರಷ್ಟು ಎಡಕ್ಕೆ ಸರಿಸಿ.

ಎಲ್ಲ ಅಂಕಿಗಳಿಗೂ ಒಂದೇ ಅಗಲ. ‘1’ ತೆಳ್ಳಗಿದೆಯೆಂದು ನಡುವಿಗೆ ತರುವ ಆಸೆಯಾಗುತ್ತದೆ, ತರಬೇಡಿ. ಅದು ಬಿ, ಸಿಗಳಲ್ಲೇ, ಬಲಕ್ಕೆ ಅಂಟಿಕೊಂಡೇ ಇರಲಿ. ಗಡಿಯಾರದೊಳಗೆ ದೀಪ ಜಾಗ ಬಿಟ್ಟು ಸರಿಯುವುದಿಲ್ಲ. ದಶಮಾಂಶದ ಚುಕ್ಕಿಗೆ ಸೊನ್ನೆ ಅಗಲ ಕೊಟ್ಟು ಎರಡು ಅಂಕಿಗಳ ನಡುವಿನ ಖಾಲಿಯಲ್ಲಿ ಕೂರಿಸಿ.

ಇಂಗ್ಲಿಷ್ ಅಕ್ಷರಗಳೂ ಬೇಕಿದ್ದರೆ ‘6’ರ ತಲೆಪಟ್ಟಿ ಉಳಿಸಿಕೊಳ್ಳಿ, ಇಲ್ಲದಿದ್ದರೆ ಅದೂ ಸಣ್ಣ ‘ಬಿ’ಯೂ ಒಂದೇ ಆಗುತ್ತವೆ. ಏಳು ಪಟ್ಟಿಗಳಿಂದ 128 ಜೋಡಣೆಗಳು ಹುಟ್ಟಿದರೂ ‘ಎಕ್ಸ್’, ‘ಡಬ್ಲ್ಯೂ’ ದಕ್ಕುವುದಿಲ್ಲ. ಅವಕ್ಕೆ ಕರ್ಣಪಟ್ಟಿಗಳಿರುವ 14 ಸೆಗ್ಮೆಂಟಿನ (ಪಟ್ಟಿಗಳ) ಗೂಡು ಬೇಕು. ನಮ್ಮ ಕನ್ನಡದ ದುಂಡುಗಳಿಗೆ ಅದೂ ಸಾಲದು. ಚುಕ್ಕಿಗಳ ಜಾಲವೇ ಮೇಲು.

ಎಲ್‌ಸಿಡಿ ಗಡಿಯಾರವನ್ನು ಓರೆಯಾಗಿ ಹಿಡಿದರೆ ಆರಿದ ಪಟ್ಟಿಗಳೂ ಮಸುಕಾಗಿ ಕಾಣುತ್ತವೆ. ನನಗೆ ಅತಿ ಪ್ರಿಯವಾದದ್ದು ಇದು. ‘88:88’ ಎಂದು ಬರೆದು ಶೇ. 10ರಷ್ಟು ಗಾಢತೆಗೆ ಇಳಿಸಿ, ಅದೇ ಜಾಗದಲ್ಲಿ ‘10:47’ ಇಡಿ. ಅಗಲಗಳು ಸರಿಯಾಗಿದ್ದರೆ ‘1’ರ ಗೂಡಿನಲ್ಲಿ ಐದು ಪಟ್ಟಿಗಳು ನೆರಳಿನಂತೆ ಕಾಣಬೇಕು.