ಬಿಚ್ಚುವ ಮೊದಲು ಬಿಗಿ ಮಾಡಿದೆ: ಆರ್ಕೇಡ್ ಪೆಟ್ಟಿಗೆಯ ಒನ್‌ವೇ ಸ್ಕ್ರೂಗಳು ಮತ್ತು ನನ್ನ ಅನುಭವ

ಕಾರವಾರದ ನನ್ನ ಶೆಡ್ಡಿನಲ್ಲಿ ಕಳೆದ ಮಳೆಗಾಲದಿಂದ ನಿಂತಿದ್ದ ಹಳೆಯ ಆರ್ಕೇಡ್ ಪೆಟ್ಟಿಗೆಯ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ) ನಾಣ್ಯದ ಬಾಗಿಲನ್ನು ಕೊನೆಗೂ ಬಿಚ್ಚಿದ್ದೇನೆ. ಬಿಗಿ ಮಾಡಲಷ್ಟೇ ಬರುವ, ಬಿಚ್ಚಲು ಹೋದರೆ ಬಿಟ್ ಜಾರುವ ಹನ್ನೊಂದು ಒನ್‌ವೇ ಸ್ಕ್ರೂಗಳಲ್ಲಿ ಒಂಬತ್ತು ಇಡಿಯಾಗಿ ಹೊರಬಂದವು. ಉಳಿದೆರಡನ್ನು ಈ ಕ್ರಮ ಹೊಳೆಯುವ ಮೊದಲೇ ನಾನು ಕೆಡಿಸಿದ್ದೆ.

ಮಡಗಾಂವ ಕಡೆಯ, ಬಾಗಿಲು ಮುಚ್ಚಿದ ಗೇಮ್ ಪಾರ್ಲರಿನಿಂದ ಪೆಟ್ಟಿಗೆಯನ್ನು ಸುಮಾರು 14,000 ರೂಪಾಯಿಗೆ ಕೊಂಡು, ಮೂರೂವರೆ ಸಾವಿರದಷ್ಟು ಟೆಂಪೋ ಬಾಡಿಗೆ ಕೊಟ್ಟು ತಂದಿದ್ದೆ. ಕಂಟ್ರೋಲ್ ಪ್ಯಾನೆಲ್ಲಿನ ನಡುಮೊಳೆಯ ಟಾರ್ಕ್ಸ್ ಸ್ಕ್ರೂಗಳು (ತಲೆಯ ನಕ್ಷತ್ರದಾಕಾರದ ಗುಳಿಯ ನಡುವೆ ಸಣ್ಣ ಮೊಳೆ ಇರುವಂಥವು) ಮುನ್ನೂರು ರೂಪಾಯಿಯ ಬಿಟ್ ಸೆಟ್ಟಿಗೇ ಮಣಿದವು. ತಲೆಯಲ್ಲಿ ಎರಡು ತೂತಿರುವ ಸ್ಕ್ರೂಗಳಿಗೆ ಹಳೆಯ ಸರ್‌ಕ್ಲಿಪ್ (ಉಂಗುರ ಕ್ಲಿಪ್) ಇಕ್ಕಳದ ತುದಿಯನ್ನು ಅರದಿಂದ ಉಜ್ಜಿ ಹೊಂದಿಸಿಕೊಂಡೆ.

ಒನ್‌ವೇ ಮಾತ್ರ ಹಣ ತಿಂದಿತು. ಮೊದಲನೆಯದಕ್ಕೆ ತೂತು ಕೊರೆದು ಎಕ್ಸ್‌ಟ್ರಾಕ್ಟರ್ (ತೂತಿಗೆ ಕಚ್ಚಿಸಿ ಸ್ಕ್ರೂ ಹೊರಗೆ ತಿರುಗಿಸುವ ಸಲಕರಣೆ) ಹಾಕಿದಾಗ ಅದು ಒಳಗೇ ಮುರಿಯಿತು. ಅದರ ಗಟ್ಟಿ ಉಕ್ಕನ್ನು ಸಾಮಾನ್ಯ ಎಚ್‌ಎಸ್‌ಎಸ್ (ಹೈಸ್ಪೀಡ್ ಉಕ್ಕಿನ) ಬಿಟ್ ಕಚ್ಚುವುದಿಲ್ಲವಾದ್ದರಿಂದ ಕಾರ್ಬೈಡ್ ಬಿಟ್ಟಿಗೆ ಮತ್ತೆ ಆರೇಳುನೂರು ಹೋಯಿತು. ಎರಡನೆಯದರ ತಲೆಗೆ ಗ್ರೈಂಡರಿನಿಂದ ಸೀಳು ಕೊರೆದೆ. ಉಪ್ಪುಗಾಳಿಗೆ ತೆಳ್ಳಗಾಗಿದ್ದ ತಲೆ ಅರ್ಧ ಹಾರಿತು. ಕಾರವಾರ ಬಂದರಿನ ಬೈತಖೋಲದಲ್ಲಿ ದೋಣಿ ಕೆಲಸ ಮಾಡುವ ವೆಲ್ಡರ್ ಒಬ್ಬರು ತಲೆಗಳಿಗೆ ನಟ್ಟು ಬೆಸೆದು ತಿರುಗಿಸಲು 2,500 ಕೇಳಿದರು. ಚೌಕಟ್ಟಿನ ಹಿಂದಿನ ಪಾರ್ಟಿಕಲ್ ಬೋರ್ಡ್ ಸುಟ್ಟುಹೋದೀತೆಂದು ನಾನು ಒಪ್ಪಲಿಲ್ಲ.

ಒನ್‌ವೇ ಸ್ಕ್ರೂವಿನ ಇಳಿಜಾರು ಇರುವುದು ಬಿಚ್ಚುವ ದಿಕ್ಕಿನಲ್ಲಿ ಮಾತ್ರ; ಬಿಗಿ ಮಾಡುವ ದಿಕ್ಕಿನಲ್ಲಿ ಚಪ್ಪಟೆ ಬಿಟ್ಟಿಗೆ ನೇರವಾದ ಗೋಡೆ ಸಿಗುತ್ತದೆ. ತುಕ್ಕಿನ ಹಿಡಿತ ಯಾವ ದಿಕ್ಕಿಗೆ ಅಲುಗಿದರೂ ಬಿಡುವುದರಿಂದ, ಅದನ್ನು ಬಿಗಿ ಮಾಡಿಯೇ ಒಡೆಯಬಹುದು. ಇದನ್ನು ಹೇಳಿದಾಗ "ಬಿಚ್ಚಬೇಕಾದ್ದನ್ನ ಬಿಗಿ ಮಾಡ್ತ್ರಲ್ಲ ಮಾರಾಯ್ರೆ" ಎಂದು ಅದೇ ವೆಲ್ಡರ್ ತಲೆಯಾಡಿಸಿದ್ದರು.

ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡನ್ನು ಹೊರತೆಗೆದು, ನೂರು ವ್ಯಾಟಿನ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಪ್ರತಿ ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದೆ. ಪೂರ್ತಿ ತಣಿದ ಮೇಲಷ್ಟೇ ಅಸಿಟೋನ್ ಮತ್ತು ಗೇರ್ ಆಯಿಲ್ ಬೆರೆಸಿದ ದ್ರವವನ್ನು ಬಿಟ್ಟು ಎರಡು ರಾತ್ರಿ ಇಟ್ಟೆ. ಬಿಸಿಯಿರುವಾಗ ಅಸಿಟೋನ್ ಬಿಟ್ಟರೆ ಬೆಂಕಿ ಹತ್ತಬಹುದು. ಬೆರೆಸುವ ಪ್ರಮಾಣ ಹಲವು ತಿಂಗಳ ಪರೀಕ್ಷೆಯಿಂದ ಸಿಕ್ಕಿದ್ದಾದ್ದರಿಂದ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರನೆಯ ದಿನ ಸುತ್ತಿಗೆಯಿಂದ ಹೊಡೆದಾಗ ತುಸು ತಿರುಗುವ ಇಂಪ್ಯಾಕ್ಟ್ ಡ್ರೈವರನ್ನು ಬಿಗಿ ಮಾಡುವ ದಿಕ್ಕಿಗೆ ಇಟ್ಟು ಎರಡೇ ಹಗುರ ಪೆಟ್ಟು ಹಾಕಿದಾಗ ಸಣ್ಣಗೆ ಟಿಕ್ಕೆಂದಿತು. ಬಳಿಕ ವಜ್ರದ ಪುಡಿ ಹಚ್ಚಿದ ಸಣ್ಣ ಉಜ್ಜುತುದಿಯಿಂದ (ಬರ್) ಇಳಿಜಾರುಗಳನ್ನಷ್ಟೇ ನೇರ ಗೋಡೆಯಾಗಿಸಿ, ಡ್ರೈವರಿನ ದಿಕ್ಕು ಬದಲಿಸಿ ಬಿಚ್ಚಿದೆ. ಬಾಗಿಲಿನ ಮೂಲ ಬಣ್ಣಕ್ಕೆ ಗೀರೂ ತಾಗದ ಇಂಥ ಕೆಲಸವನ್ನು ನಮ್ಮ ಕಡೆ ಬೇರೆ ಯಾರ ಕೈಯಲ್ಲೂ ನಾನು ಕಂಡಿಲ್ಲ.

ನಡುವೆ ಮನೆಯಲ್ಲಿದ್ದ ಮುರುಗಲ (ಪುನರ್ಪುಳಿ) ಸಿಪ್ಪೆಯನ್ನು ನೆನೆಸಿದ ನೀರಿನಲ್ಲಿ ನಾಣ್ಯದ ಜಾರುಪಟ್ಟಿಗಳನ್ನು ಒಂದು ರಾತ್ರಿ ಮುಳುಗಿಸಿಟ್ಟೆ. ತುಕ್ಕು ಚೆನ್ನಾಗಿಯೇ ಹೋಯಿತು, ಆದರೆ ಹುಳಿ ಸತುವಿನ ಲೇಪವನ್ನೂ ತಿಂದಿತು. ಲೇಪವಿಲ್ಲದ ಬರಿ ಉಕ್ಕಿಗೆ ಮಾತ್ರ, ಅದೂ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಒರೆಸುವುದಾದರೆ, ಇದು ಒಳ್ಳೆಯದು. ಕೊಬ್ಬರಿ ಎಣ್ಣೆಯಿಂದ ಏನೂ ಆಗಲಿಲ್ಲ.

ಮರಳಿ ಹಾಕುವಾಗ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಬೇಡವೆಂದು ನಿರ್ಧರಿಸಿದೆ, ಏಕೆಂದರೆ ಕಡಲ ಬದಿಯಲ್ಲಿ ಅದಕ್ಕೂ ಕಂದು ಚುಕ್ಕೆ ಬರುತ್ತದೆ. ಮಾಲಿಬ್ಡಿನಮ್ ಇರುವ 316ರ ನಡುಮೊಳೆಯ ಸ್ಕ್ರೂಗಳನ್ನು ಒಂದಕ್ಕೆ ಮೂವತ್ತರ ಆಸುಪಾಸು ಕೊಟ್ಟು ತರಿಸಿ, ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಕೈಬಿಗಿಯಷ್ಟೇ ಕೊಟ್ಟು ಕೂರಿಸಿದ್ದೇನೆ.